ನೋಡೋಣ

ನಮ್ಮವರು ನಲವತ್ತೇಳು. ಬೇಕಾದ್ದು ಐವತ್ತೊಂದು.
ಹಳದಿ ಹಾಳೆಗೆ ಗೆರೆ ಹೊಡೆದು
ಹೌದು, ಬೇಡ, ನೋಡೋಣ ಎಂದು ಮೂರು ಮನೆ ಮಾಡಿದ್ದೇನೆ.
ನೋಡೋಣದ ಕೆಳಗೆ ಬರೀ ಪೆನ್ಸಿಲ್ಲು,
ಅಳಿಸಿ ಅಳಿಸಿ ಅಲ್ಲಿ ಹಾಳೆ ತೆಳ್ಳಗಾಗಿದೆ.

ವಾಷಿಂಗ್ಟನ್ನಿನ ಫೆಬ್ರುವರಿ, ರಾತ್ರಿ ಹತ್ತೂವರೆ.
ನೆಲಮಾಳಿಗೆಯ ಈ ಕೋಣೆಗೆ ಕಿಟಕಿಯಿಲ್ಲ.
ತಣಿದ ಪಿಜ್ಜಾದ ಡಬ್ಬಿಯ ಮೇಲೆ
ಲೆನೋರ್ ಟಿಬೆಟ್ಸ್ ಎರಡೂ ಮೊಣಕೈ ಊರಿದ್ದಾಳೆ.
ಇಪ್ಪತ್ತಾರು ವರ್ಷ ತಲೆ ಎಣಿಸಿದವಳು,
ಮದುವೆಗೆ ಹೋದರೂ
ಯಾವ ಕಡೆ ಎಷ್ಟು ಜನ ಅಂತ ಮೊದಲು ನೋಡುವವಳು.

"ಹ್ಯಾಸ್ಕಲ್ ಗೆಲ್ಲುತ್ತಾನೆ," ಅಂದಳು. "ಗೆಲ್ಲಲಿ ಬಿಡು.
ಸೋತರೆ ಇನ್ನೊಬ್ಬನನ್ನು ಕಳಿಸುತ್ತಾರೆ,
ನಗಲು ಬರುವವನನ್ನು. ಅವನನ್ನು ಏನಂತ ತಡೆಯುವುದು?
ಇವನ ಮುಖ ನಮಗೆ ಎರಡು ವರ್ಷದ ಪೋಸ್ಟರು.
ಬೆಟ್ಟದ ಸೀಮೆಯ ನಮ್ಮಿಬ್ಬರು ಹೌದು ಅನ್ನಲಿ,
ಅವರ ಸೀಟು ಉಳಿಯಲಿ.
ಮಿಕ್ಕವರು ಗಟ್ಟಿಯಾಗಿ ಬೇಡ ಅನ್ನೋಣ,
ಕ್ಯಾಮೆರಾ ಕಡೆ ತಿರುಗಿ."

ನಮ್ಮಮ್ಮನ ಗಾದೆಯಲ್ಲಿ
ಹಾವು ಸಾಯಬೇಕು, ಕೋಲು ಮುರಿಯಬಾರದು.
ಇಲ್ಲಿ ಹಾವಿಗೆ ಹಾಲೆರೆದು
ಕೋಲಿಗೆ ಎಣ್ಣೆ ಹಚ್ಚುತ್ತಾ ಕೂತಿದ್ದೇವೆ.

ನನ್ನ ಚೀಲದಲ್ಲೊಂದು ಪತ್ರ.
ಶಕೀಲಾ ನೂರ್ಜಾಯ್, ಡೇಟನ್, ಓಹಾಯೋ.
ಈಗ ಶಾಲೆಯ ಬಸ್ಸು ಓಡಿಸುತ್ತಾಳೆ.
ಹನ್ನೆರಡು ವರ್ಷದ ಹಿಂದೆ
ಯಾವ ನಕ್ಷೆಯಲ್ಲೂ ಇಲ್ಲದ ಒಂದು ಕಟ್ಟಡದಲ್ಲಿ
ಕಿವಿಗೆ ಹೆಡ್‌ಫೋನು ಹಾಕಿ ಅನುವಾದ ಮಾಡುತ್ತಿದ್ದಳು.

"ನಾನವನಲ್ಲ ಅಂದ. ಹನ್ನೊಂದು ಸಲ ಅಂದ.
ಹನ್ನೊಂದು ಸಲವೂ ಹಾಗೇ ಬರೆದೆ.
ಮೇಲಿನವರು ತಿದ್ದಿದರು: ಉತ್ತರಿಸಲು ಒಲ್ಲೆ ಎಂದ.
ತಿದ್ದಿದ ಹಾಳೆಗೆ ಹ್ಯಾಸ್ಕಲ್ ಸಹಿ.
ನಾಲ್ಕನೆಯ ದಿನ ಹೆಡ್‌ಫೋನಿನಲ್ಲಿ ಯಾರೂ ಇರಲಿಲ್ಲ."

ಇಲ್ಲಿಯ ಇಂಗ್ಲಿಷಿಗೆ ಎಲ್ಲವೂ ಒಂದೇ ನೋ.
ನಮ್ಮಮ್ಮ ಖಾಲಿ ಡಬ್ಬಿಗೆ ಇಲ್ಲ ಅನ್ನುತ್ತಾಳೆ,
ತಪ್ಪು ಬಾಗಿಲು ಬಡಿದವರಿಗೆ ಅಲ್ಲ,
ಇನ್ನೊಂದು ಸೌಟು ಸಾರಿಗೆ ಬೇಡ.
ಒಲ್ಲೆ ಎಂದದ್ದು ನಾನು ಕೇಳಿದ್ದು ಒಮ್ಮೆ ಮಾತ್ರ,
ದೊಡ್ಡಪ್ಪ ಕಾಗದ ಮುಂದಿಟ್ಟು
ಓದದೆ ರುಜು ಹಾಕು ಅಂದಾಗ.
ಆಮೇಲೆ ಆ ಮನೆಯಲ್ಲಿ ನಾವು ಊಟ ಮಾಡಲಿಲ್ಲ.

ಲೆನೋರ್ ಪತ್ರವನ್ನು ಎರಡು ಸಲ ಓದಿದಳು.
ಕನ್ನಡಕ ತೆಗೆದು ಮೂಗಿನ ಗುರುತು ಒತ್ತಿಕೊಂಡಳು.
ಕೆಟ್ಟವಳಲ್ಲ ಅವಳು, ಇದನ್ನು ಹೇಳಲೇಬೇಕು.
ನನ್ನ ಜ್ವರಕ್ಕೆ ಗಂಜಿ ಕಳಿಸಿದ್ದಾಳೆ.
"ಒಳ್ಳೆಯ ಪತ್ರ," ಅಂದಳು.
"ಅಕ್ಟೋಬರಿಗೆ ಇಟ್ಟಿರು. ಚುನಾವಣೆಯ ಹೊತ್ತಿಗೆ ಬೇಕಾಗುತ್ತೆ."

ನಾಳೆ ಒಂಬತ್ತೂವರೆಗೆ ವಿಚಾರಣೆ.
ನಮ್ಮ ಸೆನೆಟರ್ ಪೆಂಡರ್‌ಗ್ರಾಸ್ಟ್‌ಗೆ ಏಳು ನಿಮಿಷ, ಐದು ಪ್ರಶ್ನೆ.
ಐದೂ ಭಾಷಣದ ಸಂಭಾವನೆಯ ಬಗ್ಗೆ,
ತೆರಿಗೆಯ ಬಗ್ಗೆ, ಒಂದು ದೋಣಿಯ ಬಗ್ಗೆ.

ಕಾರಿಡಾರಿನಲ್ಲಿ ಫೋನು ಹಚ್ಚಿದೆ.
ಮೊದಲ ರಿಂಗಿಗೇ ಎತ್ತಿಕೊಂಡಳು.
ಅಲೆಕ್ಸಾಂಡ್ರಿಯಾದಲ್ಲಿ ತಂಗಿಯ ಮನೆಗೆ ಬಂದಾಗಿದೆಯಂತೆ,
ಬಸ್ಸಿಗೆ ಬದಲಿ ಡ್ರೈವರನ್ನು ಹೇಳಿಟ್ಟು.
ನೀಲಿ ಕೋಟಿಗೆ ಇಸ್ತ್ರಿ ಆಗಿದೆ.
"ಎಷ್ಟು ಹೊತ್ತಿಗೆ ಬರಲಿ?"

ನೋಡೋಣ, ಅಂದೆ.

ಅನುವಾದಕಿಯಲ್ಲವೆ.
ತುಸು ಹೊತ್ತು ಉಸಿರು ಮಾತ್ರ ಕೇಳಿಸಿತು,
ಮತ್ತೆ, ತೀರಾ ಮರ್ಯಾದೆಯಿಂದ,
"ಅರ್ಥವಾಯಿತು," ಅಂದಳು.

ಪಟ್ಟಿಯಲ್ಲಿ ನನ್ನ ಹೆಸರಿಲ್ಲ.
ಮತವಿಲ್ಲದವಳು ಯಾವ ಮನೆಗೂ ಸೇರುವುದಿಲ್ಲ.
ಕಾಪಿ ಮಾಡುವ ಯಂತ್ರ ಬಿಸಿಯಾಗಲು
ಎರಡು ನಿಮಿಷ ಬೇಕು ಅನ್ನುತ್ತಿದೆ.
ಕೋಣೆಯಲ್ಲಿ ಲೆನೋರ್ ಕೋಟು ಹುಡುಕುತ್ತಿದ್ದಾಳೆ,
ಹೊರಡೋಣವೇ ಎಂದು ಕೂಗುತ್ತಿದ್ದಾಳೆ.

ಪೆಂಡರ್‌ಗ್ರಾಸ್ಟ್ ಕಡತ ನನ್ನ ಕಂಕುಳಲ್ಲಿದೆ.
ಐದನೆಯ ಪ್ರಶ್ನೆಯ ಕೆಳಗೆ
ಎರಡು ಬೆರಳಿನಷ್ಟು ಜಾಗ.