ಯಾರಪ್ಪಾ ಮೇಲೆ?

ಇಪ್ಪತ್ತೆರಡು ವರ್ಷದಿಂದ ಕೋಲಾರದ ಟೊಮೆಟೊ ಮಂಡಿಯಲ್ಲಿ
ರೇಟು ಕೂಗುವವನು ನಾನು.
ನೂರಾ ಎಪ್ಪತ್ತು, ಎಂಬತ್ತು, ತೊಂಬತ್ತು, ಯಾರಪ್ಪಾ ಮೇಲೆ?
ಅಂಕಿ ಏರಿದರೆ ಬಾಕ್ಸಿನವನ ಮುಖ ಅರಳುತ್ತೆ,
ಇಳಿದರೆ ನನ್ನ ಗಂಟಲೂ ಇಳಿಯುತ್ತೆ.

ಆಸ್ಪತ್ರೆಯ ಹುಡುಗಿ ಚೀಟಿ ನೋಡಿ
ಮೆಲ್ಲಗೆ ಅಂದಳು: ಇನ್ನೂರ ಎಂಬತ್ತಾರು.
ಅಭ್ಯಾಸಬಲ, ನಾಲಿಗೆ ತುದಿಗೆ ಬಂದೇಬಿಟ್ಟಿತ್ತು,
ಯಾರಪ್ಪಾ ಮೇಲೆ?

ಹಮಾಲಿ ಪಿಳ್ಳಪ್ಪ ನಕ್ಕ: ಇನ್ನು ನಿನ್ನ ಬಾಯಿಗೆ ಬೀಗ ಕಣಣ್ಣ.
ಬಾಬಾಜಾನ್ ಕೇಳದೆಯೇ ಸಕ್ಕರೆ ಡಬ್ಬಿ ಸರಿಸಿಟ್ಟ.
ಶ್ರೀನಿವಾಸಪುರದ ಮಾವು ಇಳಿಯುವ ಕಾಲ ಬೇರೆ;
ಲಾರಿ ಪಕ್ಕ ಹಾದರೆ ಉಸಿರು ಬಿಗಿಹಿಡಿದೆ,
ವಾಸನೆಯಲ್ಲೂ ಸಕ್ಕರೆ ಇದ್ದೀತೆಂದು.

ಅಕ್ಕಯಮ್ಮ ಹೆದರಲಿಲ್ಲ. ಮನೆಯಲ್ಲೇ ಶುರು ಮಾಡಿದಳು
ಉಲ್ಟಾ ಹರಾಜು.
ಮೂರು ಮುದ್ದೆ, ಎಂದೆ.
ಒಂದು.
ಎರಡೂವರೆ.
ಒಂದು.
ಎರಡು ಕಣೇ, ಮಂಡಿಯಲ್ಲಿ ನನ್ನ ಮಾತಿಗೆ ಬೆಲೆ ಇದೆ.
ಇಲ್ಲಿ ಒಂದು. ಸೊಪ್ಪು ಮಾತ್ರ ಎಷ್ಟಾದರೂ ಕೂಗು,
ಮೇಲೆ ಮೇಲೆ ಹೋಗ್ತೀನಿ.

ಹೋದಳು ನೋಡಿ.
ಬದುವಿನಿಂದ ಮಡಿಲು ತುಂಬ ಬೆರಕೆ ಸೊಪ್ಪು ತಂದು
ಹಾಜರಿ ಕೂಗಿದಳು:
ಅಣ್ಣೆ, ಗೋಣಿ, ಹೊನಗೊನ್ನೆ, ಕಿರಕಸಾಲೆ,
ಇದರ ಹೆಸರು ಅಮ್ಮನಿಗೆ ಗೊತ್ತಿತ್ತು, ನನಗೆ ಮರೆತಿದೆ.
ತಟ್ಟೆಯ ಅರ್ಧ ಮಸ್ಸೊಪ್ಪು, ಬೀನ್ಸಿನ ಪಲ್ಯ, ಮೂಲಂಗಿ ಕೋಸಂಬರಿ;
ಮುದ್ದೆ ಮೂಲೆಯಲ್ಲಿ,
ಮದುವೆಗೆ ಬಂದ ಬಡ ನೆಂಟನ ಹಾಗೆ.

ಹಣ್ಣು ವೈರಿಯಲ್ಲ, ಎಂದಿದ್ದಳಂತೆ ಆಸ್ಪತ್ರೆಯ ಹುಡುಗಿ.
ರಸ ಹಿಂಡಬೇಡಿ, ಅಗಿದು ತಿನ್ನಿ, ಲೆಕ್ಕವಿರಲಿ.
ನನಗೆ ಅದು ಕೇಳಿಸಿರಲೇ ಇಲ್ಲ,
ನಾನು ಇನ್ನೂರ ಎಂಬತ್ತಾರರಲ್ಲೇ ನಿಂತಿದ್ದೆ.
ಹಾಗೆ ಬಂತು ಸಿಪ್ಪೆ ಸಮೇತ ಸೀಬೆ,
ಕಾಗದದ ಪೊಟ್ಟಣದಲ್ಲಿ ಹತ್ತು ನೇರಳೆ,
ಒಂದು ಭಾನುವಾರ ಮಾವಿನ ಒಂದೇ ಹೋಳು.
ಅಷ್ಟು ಹೊತ್ತು ಮಾವು ತಿಂದದ್ದು ಜನ್ಮದಲ್ಲೇ ಮೊದಲು.

ಒಂದು ಮಾತು ಹೇಳಲೇಬೇಕು.
ಇಷ್ಟು ವರ್ಷ ಲಕ್ಷಾಂತರ ಬಾಕ್ಸು ಮಾರಿಸಿದ ನಾನು
ಒಂದು ಟೊಮೆಟೊ ಕಚ್ಚಿದವನಲ್ಲ.
ಮಂಡಿಯಲ್ಲಿ ಟೊಮೆಟೊ ಅಂದರೆ ದುಡ್ಡು,
ಊಟ ಅಂದರೆ ಎರಡು ಬೋಂಡ, ನಾಲ್ಕು ಟೀ.
ಮೊನ್ನೆ ಬಾಕ್ಸಿನ ಮೇಲಿಂದ ಒಂದನ್ನೆತ್ತಿ
ಉಪ್ಪೂ ಇಲ್ಲದೆ ಕಚ್ಚಿದೆ. ಅಂಗಿಯೆಲ್ಲ ಕೆಂಪು.
ಇದಕ್ಕಾ ನಾನು ಕೂಗುತ್ತಿದ್ದದ್ದು!

ಮಾತ್ರೆ ಬಿಟ್ಟಿಲ್ಲ. ಮೂರು ತಿಂಗಳಿಗೆ ಚೀಟಿ ಹೇಳಿತು
ನೂರಾ ಅರವತ್ತೆರಡು.
ಮರುದಿನ ಬೆಳಿಗ್ಗೆ ಬಾಯಿತಪ್ಪಿ ಕೂಗಿಬಿಟ್ಟೆ:
ನೂರಾ ಅರವತ್ತೆರಡು, ಯಾರಪ್ಪಾ ಕೆಳಗೆ?
ಮಂಡಿಗೆ ಮಂಡಿಯೇ ನಕ್ಕಿತು,
ಬಾಕ್ಸಿನವನೊಬ್ಬ ಕೆಂಗಣ್ಣು ಬಿಟ್ಟ.

ಎಲ್ಲರಿಗಿಂತ ಜೋರಾಗಿ ನಕ್ಕವನು ಪಿಳ್ಳಪ್ಪ.
ನಕ್ಕು, ಬೆಳಗಿನಿಂದ ನಾಲ್ಕನೇ ಸಲ
ಗೋಡೆಯ ಹಿಂದೆ ಹೋಗಿ ಬಂದ, ಬಾಟಲಿ ಎತ್ತಿ ಗಟಗಟ ಕುಡಿದ.
ಸೀಬೆ ಮುರಿದು ಅರ್ಧ ಅವನ ಕೈಗಿಟ್ಟೆ.
ಇದನ್ನು ಅಗೀತಾ ನಡಿ,
ಆಸ್ಪತ್ರೆ ಒಂಬತ್ತಕ್ಕೆ ತೆಗೀತಾರೆ.