ಮೂರು ಚಮಚ ಸಕ್ರಿ

ಭೀಮಶ್ಯಾ ಕುಡೀತಿದ್ದಿಲ್ಲ.
ಚಾದಾಗ ಮೂರು ಚಮಚ ಸಕ್ರಿ, ಅದೊಂದೇ ಅವನ ಚಟ.
ಬಸಿಯೊಳಗ ಸುರುವಿಕೊಂಡು, ಊದಿ ಊದಿ,
ಮೀಸಿಗೆ ಹತ್ತಿದ್ದನ್ನೂ ಬಿಡದಾಂಗ.

ಶಹಾಬಾದದ ಆ ಫರಸಿ ಖಣಿ ಕುಸಿದದ್ದು ಬುಧವಾರ.
ವಾರದಿಂದ ಹೇಳ್ತಿದ್ದ: ಮ್ಯಾಲಿನ ಪದರು ಬಿರುಕು ಬಿಟ್ಟದ,
ನೀರು ಜಿನುಗಲಾಕತ್ಯದ, ಮುಕಾದಮಗ ತೋರಿಸೀನಿ ಅಂತ.
ಮುಕಾದಮ ನೋಡಿ, ಸುಣ್ಣದಾಗ ಒಂದು ಗೆರಿ ಎಳೆದು ಹೋಗಿದ್ದ.
ಗೆರಿ ಕೂಡ ಸೀದಾ ಇದ್ದಿಲ್ಲ.

ಆ ರಾತ್ರಿ ಸಾಹುಕಾರನ ಮುನೀಮ ಬಂದ.
ಚಪ್ಪಲಿ ಹೊರಗ ಬಿಟ್ಟ, ಅದೊಂದು ಮರ್ಯಾದಿ.
"ಕುಡಿದು ಬಂದಿದ್ದ ಅಂತ ಬಯಾನು ಕೊಟ್ರ
ಕೇಸ್ ಆಗಂಗಿಲ್ಲ, ಖಣಿ ಮುಚ್ಚಂಗಿಲ್ಲ,
ಮೂರು ಕಂತಿನಾಗ ಮೂರು ಲಕ್ಷ.
ಇಲ್ಲಂದ್ರ ಕೋರ್ಟು. ಎಷ್ಟು ವರ್ಷ ಅಂತ
ನಿನಗೂ ಗೊತ್ತದ, ತಂಗಿ."
ಅವನ ಹಿಂದ ಬಾಗಿಲದಾಗ ಹದಿನಾಲ್ಕು ಮಂದಿ,
ಭೀಮಶ್ಯಾನ ಜೋಡಿ ಕಲ್ಲು ಎತ್ತಿದವರು.
ಯಾರೂ ಏನೂ ಅನಲಿಲ್ಲ.
ಇಮಾಂಬಿ ಮಾತ್ರ ಒಳಗ ಬಂದು
ನನ್ನ ಸಣ್ಣ ಕೂಸನ್ನ ಎತ್ತಿಕೊಂಡು
ಅದರ ಬರೀ ಹೊಟ್ಟಿ ನೇವರಿಸಿದಳು.
ಅದೂ ಒಂದು ಮಾತೇ.

ನನಗ ಸಹಿ ಮಾಡಾಕ ಬರ್ತದ. ಅವನೇ ಕಲಿಸಿದ್ದ,
ಅಂಗಳದ ಫರಸಿ ಮ್ಯಾಲ ಕಲ್ಲಿನ ಚೂರಿನಿಂದ ಗೀರಿ ಗೀರಿ.
ಆವತ್ತು ಹೆಬ್ಬೆಟ್ಟು ಒತ್ತಿದೆ.
ಆ ಅಕ್ಷರ ಇದಕ್ಕ ಹಾಕಬಾರದು ಅನಿಸ್ತು.
ಇಷ್ಟು ಉಳಿಸಿಕೊಂಡೆ, ನೋಡ್ರಿ.

ಮೂರನೇ ದಿನ ಮಣ್ಣಿನ ಮ್ಯಾಲ ಎಡಿ ಇಟ್ಟೆವು:
ಹುಗ್ಗಿ, ಬಿಳಿ ಜ್ವಾಳದ ರೊಟ್ಟಿ, ಬಸಿಯೊಳಗ ಚಾ.
ಅವನ ಸ್ವಾದರಮಾವ ಯಾದಗಿರಿಯಿಂದ ಬಂದಾವ,
ಕಾಗದದ ಸುದ್ದಿ ಅಷ್ಟೇ ಕೇಳಿದಾವ,
ಅಳಕೋತ ಕಿಸೆದಾಗಿಂದ ಒಂದು ಕ್ವಾಟರ್ ತಗದು
ಚಾದ ಬಾಜೂಕ ಇಟ್ಟ.
"ಬಯಸಿದ್ದು ಇಡಬೇಕವ್ವಾ. ಸತ್ತವರ ಮುಂದ ಎಂಥಾ ನಾಚಿಕಿ."

ಬೇವಿನ ನೆಳ್ಳಾಗ ಮುನೀಮ ನಿಂತಿದ್ದ.
ನಾ ಅದನ್ನ ತಗೀಲಿಲ್ಲ.
ಮುಚ್ಚಳ ಬಿಚ್ಚಿ ನಾನೇ ಸುರುವಿದೆ,
ತಲಿ ಇದ್ದ ಕಡೆ.
ಒಣ ಮಣ್ಣು. ಲಗೂನ ಕುಡೀತು.

ಎರಡು ಕಂತು ಬಂದಾವ. ತಗಡು ಹಾಕಿಸೀನಿ,
ಕೂಸಿನ ಜ್ವರ ಇಳದದ.
ಖಣಿಯೊಳಗ ಮತ್ತ ಹಾರಿ ಸಪ್ಪಳ ಕೇಳ್ತದ, ಹದಿನಾಲ್ಕು ಮಂದೀದು.
ದೊಡ್ಡಾವ ಸಾಲಿಯಿಂದ ಬಂದು ಕೇಳ್ತಾನ,
ಅಪ್ಪ ಕುಡೀತಿದ್ದನೇನವ್ವಾ?

ಸಕ್ರಿ ಡಬ್ಬಿ ಮುಚ್ಚಿ ಮ್ಯಾಲ ಇಡ್ತೀನಿ.
ಹೇಳ್ತೀನಿ ತಡಿ,
ಇನ್ನೊಂದು ಕಂತು ಬರೂದದ.