ಬೀಸದ ಕೈ

ಗ್ರಿಮ್ಸ್‌ಬಿಯ ಚರ್ಚ್ ಹಾಲ್‌ನಲ್ಲಿ ಮಂಗಳವಾರ ಸಂಜೆ,
ಬ್ಯಾಡ್ಮಿಂಟನ್ ಗೆರೆಗಳ ಮೇಲೆ ಬರಿಗಾಲು.
ಹೀಟರು ಕೆಮ್ಮುತ್ತದೆ, ಬಿಸಿಯಾಗುವುದಿಲ್ಲ.
ಆರು ಜನ ಶಿಷ್ಯೆಯರು. ಐವರಿಗೆ ಮಂಡಿನೋವು,
ಆರನೆಯವಳಿಗೆ ಎಲ್ಲದರ ಮೇಲೂ ಅನುಮಾನ:
ಬೆರಿಲ್ ಆಡ್ಲಿಂಗ್, ಎಪ್ಪತ್ತೊಂದು,
ಮೀನುಕಟ್ಟೆಯಲ್ಲಿ ಮೂವತ್ತೆಂಟು ವರ್ಷ ಚಾಕು ಹಿಡಿದವಳು.

ಪತಾಕ ಎಂದೆ. ಬೆರಳು ಜೋಡಿಸಿ, ನೆಟ್ಟಗೆ.
ಇದು ಗಾಳಿ, ಇದು ಕಾಡು, ಇದೇ ಹೊಳೆ,
ಇದೇ ‘ಬೇಡ’, ಇದೇ ಮುಚ್ಚಿದ ಕದ.
ಅವಳೂ ಎತ್ತಿದಳು. ಎಡಗೈಯ ಉಂಗುರಬೆರಳು
ಅರ್ಧಕ್ಕೇ ನಿಂತಿತ್ತು.
ಎಲ್ಲರದೂ ಪತಾಕ, ಅವಳದು ಹೇಗೆ ಹಿಡಿದರೂ ತ್ರಿಪತಾಕ:
ನಾನು ಕಾಡು ಎಂದರೆ ಅವಳ ಕೈ ಕಿರೀಟ ಎನ್ನುವುದು.
ಹೊಳೆ ಎಂದರೂ ಕಿರೀಟ. ಬೇಡ ಎಂದರೂ ಕಿರೀಟ.
ಮಿಕ್ಕಿದ್ದು ಎಲ್ಲಿ ಎಂದು ಕೇಳಬಾರದಿತ್ತು, ಕೇಳಿದೆ.
“ಮೀನಿನ ಪೆಟ್ಟಿಗೆಯಲ್ಲಿ ಲೀಡ್ಸಿಗೆ ಹೋಯಿತು.
ಯಾರೋ ಚಿಪ್ಸ್ ಜೊತೆ ತಿಂದಿರಬೇಕು.”

ಮುಂದಿನ ವಾರ ಮತ್ಸ್ಯ.
ಮುಂಗೈ ಮೇಲೆ ಅಂಗೈ, ಹೆಬ್ಬೆರಳೆರಡೂ ಈಜುರೆಕ್ಕೆ.
ಮೈಸೂರಿನಲ್ಲಿ ಕಲಿತದ್ದು, ಮೀನು ಮುಟ್ಟದ ಮನೆಯಲ್ಲಿ.
“ಇದು ಯಾವ ಮೀನು?”
ಮೀನು, ಎಂದೆ. ಸುಮ್ಮನೆ ಮೀನು.
“ಸುಮ್ಮನೆ ಮೀನು ಅಂತ ಯಾವುದೂ ಇಲ್ಲ ಕಣೇ.”
ಇಲ್ಲದ ಹಲಗೆಯ ಮೇಲೆ ಇಲ್ಲದ ಹ್ಯಾಡಕ್ ಇಟ್ಟಳು.
ಹೆಬ್ಬೆರಳು ಕಿವಿರಿನ ಹಿಂದೆ. ಮಣಿಕಟ್ಟು ಒಂದಿಷ್ಟೇ ಓರೆ.
ಬೆನ್ನೆಲುಬಿನ ಗುಂಟ ಚಾಕು ಹೋದ ದಾರಿ
ನಮಗೆಲ್ಲ ಕಂಡಿತು. ಮಗುಚಿದಳು. ಇನ್ನೊಂದು ಮಗ್ಗುಲು.
ಕೊನೆಗೆ ಮುಂಗೈಯಿಂದ ಮೂಗು ಉಜ್ಜಿಕೊಂಡಳು
ಬೆರಳಿಗೆ ಹತ್ತಿದ ಲೋಳೆ ಮುಖಕ್ಕೆ ತಾಗದ ಹಾಗೆ.
ಆಣೆ ಮಾಡಿ ಹೇಳುತ್ತೇನೆ, ವಾಸನೆ ಬಂತು.

ಅಲೆಯ ಪಾಠ ಬಂದದ್ದು ಮಾರ್ಚ್ ತಿಂಗಳಲ್ಲಿ.
ಪತಾಕವೇ, ಮಣಿಕಟ್ಟು ಸಡಿಲ; ತೋಳಿನಿಂದ ಹೊರಟದ್ದು
ಬೆರಳ ತುದಿಗೆ ಬಂದು ಒಡೆಯಬೇಕು.
ಐದು ಜೊತೆ ಕೈ ತೂಗಿದವು.
ಬೆರಿಲ್ ಕೈಗಳು ಕಾರ್ಡಿಗನ್ ಜೇಬಿನಲ್ಲಿ.
“ಇದು ನನ್ನಿಂದ ಆಗದು.”
ಸುಲಭ, ಎಂದೆ. ಮಕ್ಕಳೂ ಮಾಡುತ್ತಾರೆ.
“ಮಕ್ಕಳೇ ಮಾಡುವುದು,” ಎಂದಳು.

ಆಮೇಲೆ, ಕೆಟಲ್ ಹತ್ತಿರ, ಬೆನ್ನು ತಿರುಗಿಸಿಕೊಂಡೇ:
ಕಡಲಿಗೆ ಹೊರಟವರಿಗೆ ಈ ಬೀದಿಗಳಲ್ಲಿ ಕೈ ಬೀಸುವಂತಿರಲಿಲ್ಲ.
ಅವರ ಭಾಷೆಯಲ್ಲಿ ಬೀಸುವುದಕ್ಕೂ ಅಲೆಗೂ ಒಂದೇ ಮಾತು,
ಕೈ ಕರೆದರೆ ನೀರು ಓಗೊಡುತ್ತದೆ.
ಹೊರಟ ದಿನ ಬಟ್ಟೆ ಒಗೆಯುವಂತಿಲ್ಲ,
ಹೊಸ್ತಿಲಾಚೆ ಬಂದು ನಿಲ್ಲುವಂತಿಲ್ಲ.
“ಡೆನಿಸ್, ನಮ್ಮಣ್ಣ. ನನಗೆ ಆಗ ಏಳು. ಮಹಡಿಯ ಕಿಟಕಿ.”
ಅಷ್ಟೇ. ಸಕ್ಕರೆ ಎಷ್ಟು ಎಂದು ಕೇಳಿದಳು.

ನಮ್ಮಲ್ಲೂ ಹೋಗುತ್ತೇನೆ ಎನ್ನುವುದಿಲ್ಲ, ಎಂದೆ,
ಹೋಗಿಬರುತ್ತೇನೆ ಎನ್ನುತ್ತೇವೆ.
“ಬಂದರೇ ಎಲ್ಲರೂ?”
ಎರಡು ಚಮಚ, ಎಂದೆ.

ಜೂನ್‌ನಲ್ಲಿ ಪ್ರದರ್ಶನ. ಮಡಚುವ ಕುರ್ಚಿ ನಲವತ್ತು, ಜನ ಇಪ್ಪತ್ತಾರು.
ಹೊಳೆ ದಾಟುವ ದೃಶ್ಯ. ಐವರ ಕೈಯಲ್ಲಿ ನೀರು ಏರಿತು, ಇಳಿಯಿತು,
ಲಿಂಡ್ಸೆಯದು ಯಥಾಪ್ರಕಾರ ಅರ್ಧ ತಾಳ ತಡ.
ನಡುವೆ ಬೆರಿಲ್. ಹೊಟ್ಟೆಯ ಮುಂದೆ ಒಂದರೊಳಗೊಂದು ಕೈ,
ಮೊಂಡುಬೆರಳನ್ನು ಬಲಗೈ ಮುಚ್ಚಿ ಹಿಡಿದಿತ್ತು.
ಕಣ್ಣು ಮಾತ್ರ ನೀರಿನ ಮೇಲೆ,
ಎಡದಿಂದ ಬಲಕ್ಕೆ, ಆಚೆಗೆ, ಇನ್ನೂ ಆಚೆಗೆ.
ನನ್ನ ಗುರುಗಳಿದ್ದಿದ್ದರೆ ಕೋಲು ಕುಟ್ಟುತ್ತಿದ್ದರು: ಹಸ್ತ ಎಲ್ಲಿ?
ಕೋಲು ಈಗ ನನ್ನ ಕೈಯಲ್ಲಿತ್ತು.
ಒಂದು ಆವರ್ತ ಸುಮ್ಮನೆ ಹೋಗಬಿಟ್ಟೆ.
ಮೊದಲ ಸಾಲಿನ ಮುದುಕನೊಬ್ಬ
ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಕುರ್ಚಿ ಮಡಚಿದ ಮೇಲೆ ಏಳೂವರೆಯ ಬಸ್ಸು.
ಹಿಂದಿನ ಸೀಟಿನಲ್ಲಿ ಬೆರಿಲ್, ಗೆಜ್ಜೆಯ ಚೀಲ ಮಡಿಲಲ್ಲಿ.
ಗಾಜಿನ ಮೇಲೆ ಬಿಸಿಲು, ನೋಡಿದಳೋ ಇಲ್ಲವೋ.
ಬಸ್ಸು ಹೊರಟಾಗ ಅಭ್ಯಾಸಬಲದಿಂದ ನನ್ನ ಕೈ ಎದ್ದಿತು,
ಪತಾಕ, ಎದೆಯ ಮಟ್ಟ,
ಹಾಗೇ ಮೇಲಕ್ಕೊಯ್ದು
ಸರಿಯಾಗಿಯೇ ಇದ್ದ ಕೂದಲನ್ನು
ಸರಿಮಾಡಿಕೊಂಡೆ.